ಅಣ್ಣನಿಲ್ಲದ ಜೋಡಿಹಾಡು

1970ರ ಒಂದು ರಾತ್ರಿ. ವೆಸ್ಟ್ ವರ್ಜೀನಿಯಾದ ಫೋರ್ಟ್ ಗೇ ಎಂಬ ಪುಟ್ಟ ಊರಿನ ಕ್ಲಬ್ಬಿನಲ್ಲಿ ರಾಲ್ಫ್ ಸ್ಟ್ಯಾನ್ಲಿ ತಂಡದ ಕಾರ್ಯಕ್ರಮವಿತ್ತು. ದಾರಿಯಲ್ಲಿ ಟೈರು ಕೈಕೊಟ್ಟು ತಂಡ ಬರುವುದು ತಡವಾಯಿತು. ಬಂದ ಜನ ಎದ್ದು ಹೋಗದಿರಲಿ ಎಂದು ಅಲ್ಲಿದ್ದ ಇಬ್ಬರು ಹುಡುಗರನ್ನು ಹಾಡಲು ಹೇಳಿದರು. ಇಬ್ಬರೂ ಕೆಂಟಕಿಯ ಕಡೆಯವರು, ಮೀಸೆ ಆಗಷ್ಟೇ ಮೂಡುತ್ತಿದ್ದ ವಯಸ್ಸು. ರಾಲ್ಫ್ ಬಾಗಿಲು ದಾಟಿ ಒಳಗೆ ಬಂದಾಗ ಕಿವಿಗೆ ಬಿದ್ದದ್ದು ತಮ್ಮದೇ ಹಾಡು, ತಮ್ಮದೇ ದನಿ, ಅದರ ಪಕ್ಕದಲ್ಲೇ ನಾಲ್ಕು ವರ್ಷಗಳ ಹಿಂದೆ ಮಣ್ಣು ಮಾಡಿ ಬಂದಿದ್ದ ಅಣ್ಣನ ದನಿ. ಯಾರೋ ತಮ್ಮ ಹಳೆಯ ರೆಕಾರ್ಡ್ ಹಾಕಿದ್ದಾರೆ ಎಂದೇ ಅವರಿಗೆ ಮೊದಲು ಅನಿಸಿತಂತೆ. ತಲೆಯೆತ್ತಿ ನೋಡಿದರೆ ವೇದಿಕೆಯ ಮೇಲೆ ಇಬ್ಬರು ಮಕ್ಕಳು.

ಆ ಹುಡುಗರ ಹೆಸರು ಕೀತ್ ವಿಟ್ಲಿ ಮತ್ತು ರಿಕಿ ಸ್ಕ್ಯಾಗ್ಸ್. ಮುಂದೆ ಇಬ್ಬರೂ ಅಮೆರಿಕದ ಕಂಟ್ರಿ ಸಂಗೀತದಲ್ಲಿ ದೊಡ್ಡ ಹೆಸರಾದರು. ಆದರೆ ನನ್ನ ಗಮನ ಬಾಗಿಲ ಬಳಿ ನಿಂತ ಆ ಮನುಷ್ಯನ ಮೇಲೆ. ಇಪ್ಪತ್ತು ವರ್ಷ ಪಕ್ಕದಲ್ಲೇ ನಿಂತು ಹಾಡಿದ ಅಣ್ಣ ಹೋದ ಮೇಲೆ ಆ ಜಾಗವನ್ನು ಏನು ಮಾಡುವುದು? ಖಾಲಿ ಬಿಡುವುದೋ, ಬೇರೆಯವರನ್ನು ತಂದು ನಿಲ್ಲಿಸುವುದೋ? ರಾಲ್ಫ್ ಕೊಟ್ಟ ಉತ್ತರ ತಿಳಿಯಬೇಕಾದರೆ ಈ ಸಂಗೀತ ಏನೆಂಬುದು ಸ್ವಲ್ಪ ಗೊತ್ತಿರಬೇಕು.

ಬ್ಲೂಗ್ರಾಸ್ ಹಳೆಯ ಜನಪದ ಸಂಗೀತ ಎಂದು ಬಹಳ ಜನ ತಿಳಿದಿದ್ದಾರೆ. ಬೇರು ಹಳೆಯದು ನಿಜ, ಮರಕ್ಕೆ ಮಾತ್ರ ಇನ್ನೂ ಎಂಬತ್ತು ದಾಟಿದ ವಯಸ್ಸಷ್ಟೇ. ಕೆಂಟಕಿಯ ಬಿಲ್ ಮನ್ರೋ ತಮ್ಮ ರಾಜ್ಯದ ಹುಲ್ಲಿನ ಹೆಸರನ್ನೇ ತಂಡಕ್ಕೆ ಇಟ್ಟು 'ಬ್ಲೂ ಗ್ರಾಸ್ ಬಾಯ್ಸ್' ಎಂದು ಕರೆದರು. 1945ರ ಕೊನೆಗೆ ಅರ್ಲ್ ಸ್ಕ್ರಗ್ಸ್ ಎಂಬ ಯುವಕ ಮೂರು ಬೆರಳಿನಲ್ಲಿ ಬ್ಯಾಂಜೊ ನುಡಿಸುತ್ತ ಆ ತಂಡ ಸೇರಿದ ಮೇಲೆ ಇಂದು ನಾವು ಬ್ಲೂಗ್ರಾಸ್ ಎಂದು ಗುರುತಿಸುವ ನಾದ ರೂಪುಗೊಂಡಿತು. ಮ್ಯಾಂಡೊಲಿನ್, ಬ್ಯಾಂಜೊ, ಗಿಟಾರ್, ಫಿಡಲ್, ನಿಲ್ಲಿಸಿ ನುಡಿಸುವ ಆಳೆತ್ತರದ ಬೇಸ್, ಇವಿಷ್ಟೇ ವಾದ್ಯಗಳು. ಡ್ರಮ್ ಇಲ್ಲ, ವಿದ್ಯುತ್ತಿನ ಗಿಟಾರ್ ಇಲ್ಲ. ಫಿಡಲ್ ಎಂದರೆ ನಮ್ಮ ಕಛೇರಿಗಳಲ್ಲಿ ಕಾಣುವ ಪಿಟೀಲೇ. ಬ್ಯಾಂಜೊ ಆಫ್ರಿಕಾದಿಂದ ಗುಲಾಮರಾಗಿ ಬಂದವರ ಕೊಡುಗೆ. ಅದರ ಐದನೆಯ ತಂತಿ ಗಿಡ್ಡ, ಕುತ್ತಿಗೆಯ ನಡುವಿನಿಂದಲೇ ಶುರುವಾಗುತ್ತದೆ. ಹಾಡು ಎಲ್ಲಿಗೆ ಹೋದರೂ ಅದು ಒಂದೇ ಸ್ವರವನ್ನು ಮಿಡಿಯುತ್ತಿರುತ್ತದೆ, ತಂಬೂರಿಯ ಷಡ್ಜ ಓಡೋಡಿ ಬಂದಂತೆ.

ವಾದ್ಯಗಳ ವೇಗಕ್ಕೆ ಬೆರಗಾಗಿ ಜನ ದನಿಯನ್ನು ಮರೆಯುತ್ತಾರೆ. ನನ್ನ ಮಟ್ಟಿಗೆ ಈ ಸಂಗೀತದ ಜೀವ ದನಿಗಳಲ್ಲಿದೆ. ನಮ್ಮಲ್ಲಿ ಇಬ್ಬರು ಜೊತೆಯಾಗಿ ಹಾಡಿದರೆ ಸಾಮಾನ್ಯವಾಗಿ ಇಬ್ಬರೂ ಒಂದೇ ಸ್ವರದಲ್ಲಿ ಇರುತ್ತಾರೆ, ಇಲ್ಲವೇ ಒಬ್ಬರಾದ ಮೇಲೊಬ್ಬರು ಹಾಡುತ್ತಾರೆ. ಅಪಲೇಶಿಯನ್ ಬೆಟ್ಟಗಳ ಅಣ್ಣತಮ್ಮಂದಿರ ಹಾಡಿಕೆಯಲ್ಲಿ ಒಬ್ಬ ಹಾಡಿನ ಮಟ್ಟನ್ನು ಹಿಡಿದು ನಡೆಸುತ್ತಾನೆ, ಅವನು ಲೀಡ್. ಇನ್ನೊಬ್ಬ ಅದೇ ಹೊತ್ತಿಗೆ, ಅದೇ ಮಾತನ್ನು, ಮೇಲಿನ ಬೇರೆ ಸ್ವರದಲ್ಲಿ ಹಾಡುತ್ತಾನೆ, ಅವನು ಟೆನರ್. ಲೀಡ್ 'ಸ' ಹಿಡಿದರೆ ಟೆನರ್ 'ಗ' ಹಿಡಿಯಬಹುದು. ಅವನು ಇಳಿದರೆ ಇವನೂ ಇಳಿಯಬೇಕು, ಅವನು ಪದದ ಕೊನೆಯನ್ನು ಎಳೆದರೆ ಇವನೂ ಅಷ್ಟೇ ಎಳೆಯಬೇಕು. ಹಿಂದಿನ ದಿನಗಳಲ್ಲಿ ಎಲ್ಲರಿಗೂ ಸೇರಿ ಒಂದೇ ಮೈಕು. ಮುಖಕ್ಕೆ ಮುಖ ತಾಗುವಷ್ಟು ಹತ್ತಿರ ನಿಂತು ಹಾಡಬೇಕಿತ್ತು. ಹೀಗಾಗಿ ಟೆನರ್ ಹಾಡುವವನ ದನಿಗೆ ತನ್ನದೇ ಆದ ದಾರಿ ಇರುವುದಿಲ್ಲ. ಲೀಡ್ ಇಲ್ಲವಾದರೆ ಅವನು ಮೇಲೆ ಹಾಡುವುದಾದರೂ ಯಾವುದರ ಮೇಲೆ?

ಕಾರ್ಟರ್ ಸ್ಟ್ಯಾನ್ಲಿ ಲೀಡ್, ರಾಲ್ಫ್ ಟೆನರ್. ಕಾರ್ಟರ್ ಹುಟ್ಟಿದ್ದು 1925ರಲ್ಲಿ, ರಾಲ್ಫ್ 1927ರಲ್ಲಿ. ಊರು ವರ್ಜೀನಿಯಾದ ನೈಋತ್ಯ ಮೂಲೆಯ ಡಿಕನ್ಸನ್ ಕೌಂಟಿ, ಕಲ್ಲಿದ್ದಲಿನ ಬೆಟ್ಟಗಳ ಸೀಮೆ. ತಂದೆ ಲೀ ಚೆನ್ನಾಗಿ ಹಾಡುತ್ತಿದ್ದರು, ತಾಯಿ ಲೂಸಿ ಬ್ಯಾಂಜೊ ನುಡಿಸುತ್ತಿದ್ದರು. ಮನೆಯವರು ಹೋಗುತ್ತಿದ್ದ ಪ್ರಿಮಿಟಿವ್ ಬ್ಯಾಪ್ಟಿಸ್ಟ್ ಚರ್ಚಿನಲ್ಲಿ ವಾದ್ಯಗಳಿಗೆ ಪ್ರವೇಶವಿಲ್ಲ. ಹಿರಿಯರೊಬ್ಬರು ಒಂದು ಸಾಲು ಹೇಳಿಕೊಡುತ್ತಾರೆ, ಸಭೆ ಅದನ್ನು ನಿಧಾನವಾಗಿ, ಸ್ವರಗಳನ್ನು ಬಳುಕಿಸುತ್ತ ಹಾಡುತ್ತದೆ. ರಾಲ್ಫ್ ಅವರ ದನಿಯಲ್ಲಿದ್ದ ಆ ಒರಟು ಅಳಲು ಬಂದದ್ದು ಅಲ್ಲಿಂದ. ಅವರ ದನಿ ಇಂಪಾಗಿತ್ತು ಎಂದು ನಾನು ಹೇಳಲಾರೆ. ಬೆಳಗಿನ ಜಾವದ ಚಳಿಗೆ ಮೈ ನಡುಗಿದ ಹಾಗೆ ಇತ್ತು.

ರಾಲ್ಫ್ ಕೈಗೆ ಬ್ಯಾಂಜೊ ಬಂದ ಕತೆಯನ್ನು ಅವರು ಜೀವನಪೂರ್ತಿ ಹೇಳುತ್ತಿದ್ದರು. ಚಿಕ್ಕ ಹುಡುಗನಾಗಿದ್ದಾಗ ತಾಯಿ ಕೇಳಿದರಂತೆ: ಹಂದಿ ಬೇಕೋ, ಬ್ಯಾಂಜೊ ಬೇಕೋ? ಎರಡಕ್ಕೂ ತಲಾ ಐದು ಡಾಲರ್, ಎರಡನ್ನೂ ಕೊಡಿಸುವ ಶಕ್ತಿ ಮನೆಗಿಲ್ಲ. ಪಶುವೈದ್ಯನಾಗುವ ಆಸೆಯಿದ್ದ ಹುಡುಗ ಬ್ಯಾಂಜೊ ಎಂದ. ಮೊದಲ ಪಾಠ ತಾಯಿಯದೇ.

ಅಣ್ಣ ತಮ್ಮ ಇಬ್ಬರೂ ಸೇನೆಯಲ್ಲಿದ್ದು ಬಂದರು. ರಾಲ್ಫ್ ಜರ್ಮನಿಯಿಂದ ಮರಳಿದ್ದು 1946ರಲ್ಲಿ, ಅದೇ ವರ್ಷದ ಕೊನೆಗೆ ಇಬ್ಬರೂ ಸೇರಿ 'ಕ್ಲಿಂಚ್ ಮೌಂಟನ್ ಬಾಯ್ಸ್' ತಂಡ ಕಟ್ಟಿದರು. ಬ್ರಿಸ್ಟಲ್ ಪಟ್ಟಣದ ರೇಡಿಯೊ ಕೇಂದ್ರದಲ್ಲಿ ಮಧ್ಯಾಹ್ನದ ಊಟದ ಹೊತ್ತಿಗೆ ಬರುತ್ತಿದ್ದ 'ಫಾರ್ಮ್ ಆ್ಯಂಡ್ ಫನ್ ಟೈಮ್' ಕಾರ್ಯಕ್ರಮ ಅವರನ್ನು ಬೆಟ್ಟದ ಮನೆಮನೆಗೆ ಮುಟ್ಟಿಸಿತು. ಬ್ರಿಸ್ಟಲ್ ಒಂದು ತಮಾಷೆಯ ಊರು. ಅದರ ಮುಖ್ಯ ಬೀದಿಯ ಒಂದು ಬದಿ ವರ್ಜೀನಿಯಾ, ಇನ್ನೊಂದು ಬದಿ ಟೆನೆಸಿ.

ಈ ಹುಡುಗರನ್ನು ಕಂಡರೆ ಬಿಲ್ ಮನ್ರೋಗೆ ಆಗುತ್ತಿರಲಿಲ್ಲ. ಕಾರಣವೂ ಇತ್ತು. ತಾನು ಕಟ್ಟಿದ ನಾದವನ್ನು ಇವರು ರೇಡಿಯೊದಲ್ಲಿ ಕೇಳಿ ಎತ್ತಿಕೊಂಡಿದ್ದರು. ಕುದುರೆ ಪಂದ್ಯದ ಒಂದು ಹಾಡನ್ನಂತೂ ಮನ್ರೋ ಅವರ ರೆಕಾರ್ಡ್ ಅಂಗಡಿಗೆ ಬರುವ ಮೊದಲೇ ಇವರು ಹಾಡಿ ಬಿಡುಗಡೆ ಮಾಡಿಬಿಟ್ಟರು. ಒಂದು ತಂಡದ ಶೈಲಿ ಒಂದು ಸಂಗೀತ ಪ್ರಕಾರವಾಗಿ ಬದಲಾದದ್ದು ಆ ಗಳಿಗೆಯಲ್ಲೇ ಎಂದು ಚರಿತ್ರೆ ಬರೆಯುವವರು ಹೇಳುವುದುಂಟು. 1949ರಲ್ಲಿ ಕೊಲಂಬಿಯ ಕಂಪನಿ ಸ್ಟ್ಯಾನ್ಲಿ ಸೋದರರನ್ನು ಸೇರಿಸಿಕೊಂಡಾಗ ಮುನಿದ ಮನ್ರೋ ಆ ಕಂಪನಿಯನ್ನೇ ಬಿಟ್ಟರು. ಮುನಿಸು ಬಹಳ ದಿನ ಉಳಿಯಲಿಲ್ಲ. 1951ರಲ್ಲಿ ಕೆಲವು ಕಾಲ ಇದೇ ಕಾರ್ಟರ್ ಮನ್ರೋ ತಂಡದಲ್ಲಿ ಗಿಟಾರ್ ಹಿಡಿದು ಲೀಡ್ ಹಾಡಿದರು.

ಕಾರ್ಟರ್ ಬರೆದ ಹಾಡುಗಳಲ್ಲಿ ಸಾವು ಮತ್ತು ಬಿಟ್ಟುಬಂದ ಮನೆ ಮತ್ತೆ ಮತ್ತೆ ಬರುತ್ತವೆ. 'ದಿ ವೈಟ್ ಡವ್' ಅಪ್ಪ ಅಮ್ಮನನ್ನು ಕಳೆದುಕೊಂಡವನ ಹಾಡು. ಅದನ್ನು ಬರೆದಾಗ ಕಾರ್ಟರ್‌ಗೆ ಇಪ್ಪತ್ತನಾಲ್ಕೂ ತುಂಬಿರಲಿಲ್ಲ, ತಂದೆ ತಾಯಿ ಇಬ್ಬರೂ ಬದುಕಿದ್ದರು. ಕಾರ್ಯಕ್ರಮ ಮುಗಿಸಿ ರಾತ್ರಿ ಮರಳುವಾಗ ಕಾರಿನ ಒಳದೀಪ ಹಾಕಿಕೊಂಡು ಅಣ್ಣ ಅದನ್ನು ಗೀಚಿದ ಎಂದು ರಾಲ್ಫ್ ಹೇಳಿಕೊಂಡಿದ್ದಾರೆ. ಇದ್ದವರನ್ನು ಇಲ್ಲವೆಂದುಕೊಂಡು ಅಳುವುದು ನಮ್ಮ ಮನೆಗಳಲ್ಲಾದರೆ ಅಪಶಕುನ. 'ಬಿಡ್ತು ಅನ್ನು' ಎಂದು ಅಜ್ಜಿಯರು ಗದರಿಸುತ್ತಿದ್ದರು. ಗಣಿ ಕುಸಿದು ಗಂಡಸರು ಬೆಳಿಗ್ಗೆ ಹೋದವರು ಸಂಜೆ ಬಾರದಿರಬಹುದಾದ ಆ ಬೆಟ್ಟಗಳಲ್ಲಿ ಸಾವಿನ ಹಾಡು ಮನೆಯ ಪಾತ್ರೆಪಡಗದಷ್ಟೇ ಸಹಜ. ಆ ಹೊತ್ತಿನ ಧ್ವನಿಮುದ್ರಣಗಳಲ್ಲಿ ಮ್ಯಾಂಡೊಲಿನ್‌ನ ಪೀ ವೀ ಲ್ಯಾಂಬರ್ಟ್ ಮೂರನೆಯ ದನಿಯಾಗಿ ರಾಲ್ಫ್ ಅವರಿಗಿಂತಲೂ ಮೇಲೆ ಹಾಡುತ್ತಾರೆ. ಮೂರು ದನಿ ಒಂದರ ಮೇಲೊಂದು ನಿಂತಾಗ ಕೆಳಗಿರುವ ಕಾರ್ಟರ್ ದನಿಯೇ ಮನೆಯ ನೆಲ.

ವೇದಿಕೆಯಲ್ಲೂ ಹಾಗೆಯೇ. ಮಾತು, ನಗೆ, ಜನರನ್ನು ಪರಿಚಯಿಸುವುದು, ಹಾಡು ಆರಿಸುವುದು ಎಲ್ಲ ಅಣ್ಣನದು. ರಾಲ್ಫ್ ಸಂಕೋಚದ ಮನುಷ್ಯ, ಬ್ಯಾಂಜೊ ಹಿಡಿದು ಪಕ್ಕದಲ್ಲಿ ನಿಂತರೆ ಮುಗಿಯಿತು.

ಐವತ್ತರ ದಶಕದ ನಡುವೆ ಎಲ್ವಿಸ್ ಪ್ರೆಸ್ಲಿ ಬಂದರು, ರಾಕ್ ಆ್ಯಂಡ್ ರೋಲ್ ಬಂತು, ಬೆಟ್ಟದ ಸಂಗೀತದವರ ಹೊಟ್ಟೆಗೆ ಹೊಡೆತ ಬಿತ್ತು. ಸೋದರರು 1958ರಲ್ಲಿ ಕೆಲಸ ಹುಡುಕಿಕೊಂಡು ಫ್ಲಾರಿಡಾದ ಲೈವ್ ಓಕ್‌ಗೆ ಹೋದರು. ಕಾರಿನಲ್ಲೇ ಕುಳಿತು ಸಿನಿಮಾ ನೋಡುವ ಡ್ರೈವ್-ಇನ್ ಚಿತ್ರಮಂದಿರಗಳಲ್ಲಿ ತಿಂಡಿ ಮಾರುವ ಕಟ್ಟಡದ ಸೂರಿನ ಮೇಲೆ ನಿಂತು ಹಾಡಿದರು. ತಂಡ ಸಣ್ಣದಾಯಿತು. ಅವರ ರೆಕಾರ್ಡ್ ಕಂಪನಿ ಅವರಿಂದ ಕಪ್ಪು ಜನರ ಕುಣಿತದ ಹಾಡೊಂದನ್ನು ಬ್ಲೂಗ್ರಾಸ್ ಮಾಡಿಸಿ ಬೆರಳು ಚಿಟಿಕೆ ಹೊಡೆಸಿದ್ದೂ ಇದೆ. ಕೇಳಿದರೆ ನಗು ಬರುತ್ತದೆ, ಅವರು ಯಾವ ಇಕ್ಕಟ್ಟಿನಲ್ಲಿದ್ದರು ಎಂಬುದೂ ತಿಳಿಯುತ್ತದೆ. ಕಾರ್ಟರ್ ಕುಡಿತ ಹೆಚ್ಚಿತು. ಯಕೃತ್ತು ಕೆಟ್ಟಿತು. 1966ರ ಡಿಸೆಂಬರ್ 1ರಂದು ಬ್ರಿಸ್ಟಲ್‌ನ ಆಸ್ಪತ್ರೆಯಲ್ಲಿ ತೀರಿಕೊಂಡಾಗ ವಯಸ್ಸು 41. ಅಂತ್ಯಕ್ರಿಯೆಯಲ್ಲಿ ಹಾಡಿದವರು ಒಮ್ಮೆ ಅವರ ಮೇಲೆ ಹಲ್ಲು ಮಸೆದಿದ್ದ ಅದೇ ಬಿಲ್ ಮನ್ರೋ.

ರಾಲ್ಫ್‌ಗೆ ಆಗ 39. ಎತ್ತಿನ ಜೋಡಿಯಲ್ಲಿ ಒಂದು ಬಿದ್ದರೆ ಉಳಿದದ್ದು ನೊಗ ಬಿಟ್ಟು ನಿಲ್ಲುತ್ತದೆ. ಮುಂದುವರಿಯಬೇಕೋ ಬೇಡವೋ ಎಂಬ ಹೊಯ್ದಾಟದಲ್ಲಿದ್ದಾಗ ಅಭಿಮಾನಿಗಳ ಕಾಗದಗಳು ಬಂದವು, ನಿಲ್ಲಿಸಬೇಡಿ ಎಂದವು. ಬೇರೆ ಕಸುಬೂ ಗೊತ್ತಿರಲಿಲ್ಲ. ಕೆಲವೇ ವಾರಗಳಲ್ಲಿ ಅವರು ಮತ್ತೆ ರಸ್ತೆಗಿಳಿದರು.

ಇಲ್ಲಿ ಅವರು ಮಾಡಿದ್ದನ್ನು ಗಮನಿಸಬೇಕು. ಬ್ಯಾಂಜೊದವರಾಗಿ ಒಂಟಿಯಾಗಿ ಹೆಸರು ಮಾಡಬಹುದಿತ್ತು. ತಮ್ಮ ದನಿಯನ್ನೇ ಲೀಡ್ ಮಾಡಿಕೊಂಡು ಹಾಡುಗಳನ್ನು ಬದಲಿಸಬಹುದಿತ್ತು. ಎರಡನ್ನೂ ಬಿಟ್ಟು ಅವರು ಅಣ್ಣನ ಜಾಗಕ್ಕೆ ಒಬ್ಬ ಹಾಡುಗಾರನನ್ನು ಹುಡುಕಿದರು, ತಾವು ಮೊದಲಿನಂತೆ ಟೆನರ್ ಆಗಿಯೇ ಉಳಿದರು. ಮೊದಲು ಬಂದವರು ಓಹಾಯೊದ ಲ್ಯಾರಿ ಸ್ಪಾರ್ಕ್ಸ್, ವಯಸ್ಸು ಇಪ್ಪತ್ತರ ಒಳಗೆ. ಅವರು ಸ್ವಂತ ತಂಡ ಕಟ್ಟಲು ಹೊರಟ ಮೇಲೆ ಬಂದವರು ಕೆಂಟಕಿಯ ರಾಯ್ ಲೀ ಸೆಂಟರ್ಸ್. ಅವರ ದನಿ ಕಾರ್ಟರ್ ದನಿಗೆ ಎಷ್ಟು ಹತ್ತಿರವೆಂದರೆ ಕಣ್ಣು ಮುಚ್ಚಿ ಕೇಳಿದಾಗ ನನಗೆ ಇಂದಿಗೂ ಮೈ ಜುಮ್ಮೆನ್ನುತ್ತದೆ. ಪದದ ತುದಿಯನ್ನು ಕೆಳಕ್ಕೆ ಜಾರಿಸುವ ರೀತಿ, ಉಸಿರು ಹಿಡಿದು ಬಿಡುವ ರೀತಿ, ಎಲ್ಲವೂ ಅದೇ.

ರಾಲ್ಫ್ ಬಾಗಿಲಲ್ಲಿ ನಿಂತು ಕೇಳಿದ ಆ ಹುಡುಗರೂ ತಂಡ ಸೇರಿದರು. ಹೀಗೆ ಒಂದು ಕಾಲಕ್ಕೆ ತಂಡದಲ್ಲಿ ಅಣ್ಣನಂತೆ ಹಾಡಬಲ್ಲ ಇಬ್ಬರು, ತನ್ನಂತೆಯೇ ಟೆನರ್ ಹಾಡಬಲ್ಲ ಒಬ್ಬ! 1971ರ 'ಕ್ರೈ ಫ್ರಮ್ ದಿ ಕ್ರಾಸ್' ಆ ದಿನಗಳ ಆಲ್ಬಮ್. ಅದರಲ್ಲಿ ರಾಲ್ಫ್ ವಾದ್ಯಗಳನ್ನು ಕೆಳಗಿಟ್ಟು, ಚಿಕ್ಕಂದಿನ ಚರ್ಚಿನ ಹಾಗೆ ಬರಿಯ ದನಿಗಳಲ್ಲಿ ಹಾಡಿಸಿದರು. ಬ್ಲೂಗ್ರಾಸ್ ತಂಡಗಳು ನಾಲ್ವರು ನಿಂತು ವಾದ್ಯವಿಲ್ಲದೆ ಭಕ್ತಿಗೀತೆ ಹಾಡುವ ಪರಿಪಾಠ ಹರಡಿದ್ದು ಅಲ್ಲಿಂದಾಚೆಗೆ. ಅಣ್ಣ ಬದುಕಿದ್ದಾಗ ಆಗದಿದ್ದದ್ದು ಇದು. ದುಃಖ ಅವರನ್ನು ಮುಂದಕ್ಕಿಂತ ಹಿಂದಕ್ಕೆ, ಬಾಲ್ಯದ ಚರ್ಚಿಗೆ, ಕರೆದೊಯ್ದಿತು ಎಂದು ನನ್ನ ಊಹೆ.

ಆ ಜಾಗಕ್ಕೆ ಸಾವು ಮತ್ತೆ ಬಂತು. 1974ರ ಮೇ ತಿಂಗಳಲ್ಲಿ ರಾಯ್ ಲೀ ಸೆಂಟರ್ಸ್ ಕೆಂಟಕಿಯಲ್ಲಿ ಗುಂಡೇಟಿಗೆ ಬಲಿಯಾದರು. ಅಷ್ಟರಲ್ಲಿ ತಂಡ ಬಿಟ್ಟಿದ್ದ ಕೀತ್ ವಿಟ್ಲಿ ಮರಳಿ ಬಂದು ಲೀಡ್ ಹಾಡಿದರು, ಮತ್ತೆ ಕೆಲ ವರ್ಷಕ್ಕೆ ಕಂಟ್ರಿ ಸಂಗೀತದ ಕೇಂದ್ರವಾದ ನ್ಯಾಶ್‌ವಿಲ್‌ನತ್ತ ಹೋದರು. ಅಲ್ಲಿ ಹಾಡುಗಳು ಜನಪ್ರಿಯತೆಯ ಪಟ್ಟಿಯ ತುದಿ ಮುಟ್ಟುತ್ತಿದ್ದ ಹೊತ್ತಿಗೆ, 1989ರಲ್ಲಿ, ಅತಿಯಾದ ಕುಡಿತದಿಂದ ತೀರಿಕೊಂಡರು. ಕಾರ್ಟರ್‌ನಂತೆ ಹಾಡಲು ಹೋದವನು ಕಾರ್ಟರ್‌ನಂತೆಯೇ ಹೋದ ಎಂದು ಕತೆ ಕಟ್ಟುವವರಿದ್ದಾರೆ. ನನಗದು ಒಪ್ಪಿಗೆಯಿಲ್ಲ. ಕುಡಿತ ಯಾರ ದನಿಯನ್ನೂ ಕೇಳಿ ಬರುವುದಿಲ್ಲ. ಆಮೇಲೆ ಚಾರ್ಲಿ ಸೈಜ್‌ಮೋರ್ ಎಂಬ ಹದಿಹರೆಯದ ಹುಡುಗ ಬಂದರು. ತೊಂಬತ್ತರ ದಶಕದಲ್ಲಿ ರಾಲ್ಫ್ ಅವರ ಮಗನೇ ದೊಡ್ಡಪ್ಪನ ಜಾಗದಲ್ಲಿ ನಿಂತ. ಬೇಸ್ ನುಡಿಸುತ್ತಿದ್ದ ಜ್ಯಾಕ್ ಕುಕ್ 1970ರಿಂದ ಸುಮಾರು ನಾಲ್ಕು ದಶಕ ರಾಲ್ಫ್ ಜೊತೆಗಿದ್ದರು. ಅವರು ತೀರಿಕೊಂಡದ್ದು 2009ರಲ್ಲಿ. ಕಾರ್ಟರ್ ಹೋದ ದಿನದಂತೆ ಆ ದಿನವೂ ಡಿಸೆಂಬರ್ 1.

ಹಾಡುಗಾರ ಹೋದರೆ ಅವನ ನೆನಪಿಗೆ ಪ್ರತಿಮೆ ಮಾಡಿಸುವುದು, ಬೀದಿಗೆ ಹೆಸರಿಡುವುದು ಎಲ್ಲ ಕಡೆಯೂ ಇದೆ. ರಾಲ್ಫ್ ತಮ್ಮ ಹುಟ್ಟೂರಿನ ಬಳಿಯ ಸ್ಮಿತ್ ರಿಜ್ ಎಂಬ ಬೆಟ್ಟದ ಏಣಿನ ಮೇಲೆ, ಅಣ್ಣನನ್ನು ಮಣ್ಣು ಮಾಡಿದ ಕುಟುಂಬದ ಸ್ಮಶಾನದ ಪಕ್ಕದಲ್ಲೇ, 1971ರಲ್ಲಿ ಸಂಗೀತೋತ್ಸವ ಶುರು ಮಾಡಿದರು. ಪ್ರತಿ ವರ್ಷ ಮೇ ಕೊನೆಯಲ್ಲಿ ಜನ ಗುಡಾರ ಹಾಕಿಕೊಂಡು ಕೂಡುತ್ತಿದ್ದರು, ಹುಲ್ಲಿನ ಮೇಲೆ ಕುರ್ಚಿ ಹಾಕಿ ಹಾಡು ಕೇಳುತ್ತಿದ್ದರು, ಎದ್ದು ಹೋಗಿ ಸಮಾಧಿ ನೋಡಿ ಬರುತ್ತಿದ್ದರು. ಗೋರಿಯ ಪಕ್ಕ ಬ್ಯಾಂಜೊ ಬಾರಿಸುವುದೇ ಎಂದು ಹೊರಗಿನವರಿಗೆ ಅನಿಸಬಹುದು. ಬೇಸಿಗೆ ಹತ್ತಿರವಾದಾಗ ಸ್ಮಶಾನದ ಕಳೆ ಕಿತ್ತು, ಹೂವಿಟ್ಟು, ಅಲ್ಲೇ ಪ್ರಾರ್ಥನೆ ಹಾಡಿ, ಬುತ್ತಿ ಬಿಚ್ಚಿ ಎಲ್ಲರೂ ಉಣ್ಣುವ ಪದ್ಧತಿ ಆ ಬೆಟ್ಟಗಳಲ್ಲಿ ಮೊದಲಿನಿಂದ ಇದೆ. ರಾಲ್ಫ್ ಅದಕ್ಕೆ ಒಂದು ವೇದಿಕೆ ಕಟ್ಟಿದರು, ಅಷ್ಟೇ. ಅಣ್ಣನನ್ನು ನೆನೆದು ಊರ ಬೆಟ್ಟಗಳಿಗೆ ಮರಳುವ 'ಹಿಲ್ಸ್ ಆಫ್ ಹೋಮ್' ಎಂಬ ರಚನೆಯನ್ನು ಅವರು ಅದಕ್ಕೂ ಮೊದಲು ರೆಕಾರ್ಡ್ ಮಾಡಿದ್ದರು. ಅದರಲ್ಲಿ ಹಾಡಿಗಿಂತ ಮಾತು ಹೆಚ್ಚು. ವೇದಿಕೆಯಲ್ಲಿ ಬಾಯಿ ಬಿಡಲು ಹಿಂಜರಿಯುತ್ತಿದ್ದ ಮನುಷ್ಯ ಕೊನೆಗೆ ಮಾತನಾಡಿದ್ದು ಹೀಗೆ. ಉತ್ಸವಕ್ಕೂ ಅದೇ ಹೆಸರಾಯಿತು.

ನನ್ನಂಥ ಹೊರಗಿನವರು ರಾಲ್ಫ್ ದನಿ ಕೇಳಿದ್ದು ಬಹಳ ತಡವಾಗಿ, ಅದೂ ಸಿನಿಮಾದಿಂದ. ಕೋಯೆನ್ ಸೋದರರ 'ಓ ಬ್ರದರ್, ವೇರ್ ಆರ್ಟ್ ದೌ?' ಬಂದದ್ದು 2000ದಲ್ಲಿ. ಅದರಲ್ಲಿ ಜಾರ್ಜ್ ಕ್ಲೂನಿ ತುಟಿಯಾಡಿಸಿದ, ಲೋಕವೆಲ್ಲ ಗುನುಗಿದ 'ಮ್ಯಾನ್ ಆಫ್ ಕಾನ್‌ಸ್ಟಂಟ್ ಸಾರೋ' ಹಾಡಿನ ದಾರಿ ಸ್ಟ್ಯಾನ್ಲಿ ಸೋದರರದೇ. ಅವರು ಅದನ್ನು 1950ರಲ್ಲೇ ರೆಕಾರ್ಡ್ ಮಾಡಿದ್ದರು. ಸಿನಿಮಾದ ಆವೃತ್ತಿ ಚೆನ್ನಾಗಿದೆ, ಆದರೆ ಇಸ್ತ್ರಿ ಮಾಡಿದ ಬಟ್ಟೆಯಂತಿದೆ. ನನಗೆ ಹಳೆಯದೇ ಇಷ್ಟ. ಅದೇ ಚಿತ್ರದಲ್ಲಿ ಸಾವನ್ನು ಇದಿರಿಟ್ಟು ಬೇಡುವ 'ಓ ಡೆತ್' ಹಾಡನ್ನು ರಾಲ್ಫ್ ಒಬ್ಬರೇ ಹಾಡಿದ್ದಾರೆ. ಸಂಗೀತ ನಿರ್ಮಾಪಕ ಟಿ ಬೋನ್ ಬರ್ನೆಟ್ ಬ್ಯಾಂಜೊ ಜೊತೆಗಿರಲಿ ಎಂದುಕೊಂಡಿದ್ದರು. ವಾದ್ಯವಿಲ್ಲದೆ ಹಾಡಿ ತೋರಿಸುತ್ತೇನೆ ಎಂದು ರಾಲ್ಫ್ ಹಾಡಿದ ಮೇಲೆ ಬೇರೆ ಮಾತು ಏಳಲಿಲ್ಲ. 2002ರ ಫೆಬ್ರುವರಿಯಲ್ಲಿ, 75 ತುಂಬಿದ ಎರಡನೆಯ ದಿನಕ್ಕೆ, ಆ ಹಾಡಿಗಾಗಿ ಅವರಿಗೆ ಗ್ರ್ಯಾಮಿ ಪ್ರಶಸ್ತಿ ಬಂತು. ಜೀವನವಿಡೀ ಇನ್ನೊಬ್ಬರ ದನಿಯ ಮೇಲೆ ದನಿಯಿಟ್ಟು ಹಾಡಿದವರಿಗೆ ಜಗತ್ತಿನ ಮನ್ನಣೆ ಬಂದದ್ದು ಕೆಳಗೆ ಯಾವ ದನಿಯೂ ಇಲ್ಲದೆ ಹಾಡಿದ ಹಾಡಿಗೆ.

ತಮ್ಮದನ್ನು ಬ್ಲೂಗ್ರಾಸ್ ಎಂದು ಕರೆಯುವುದು ಕೊನೆಯವರೆಗೂ ಅವರಿಗೆ ಅಷ್ಟಾಗಿ ಹಿಡಿಸಲಿಲ್ಲ. ಹಳೇ ಕಾಲದ ಬೆಟ್ಟದ ಸಂಗೀತ ಎನ್ನುತ್ತಿದ್ದರು. 2016ರ ಜೂನ್ 23ರಂದು 89ನೆಯ ವಯಸ್ಸಿನಲ್ಲಿ ತೀರಿಕೊಂಡರು. ಅಣ್ಣನ ಜೊತೆ ಹಾಡಿದ್ದು ಇಪ್ಪತ್ತು ವರ್ಷ, ಅಣ್ಣನಿಲ್ಲದೆ ಹಾಡಿದ್ದು ಅದರ ಎರಡು ಪಟ್ಟಿಗೂ ಹೆಚ್ಚು. ಈಗ ಇಬ್ಬರೂ ಸ್ಮಿತ್ ರಿಜ್‌ನ ಮೇಲೇ ಇದ್ದಾರೆ. ತಂಡವನ್ನು ಮಗ ನಡೆಸುತ್ತಿದ್ದಾರೆ.

ಕೇಳುವ ಮನಸ್ಸಾದರೆ ಈ ಕ್ರಮದಲ್ಲಿ ಕೇಳಿ. ಮೊದಲು 1949ರ 'ದಿ ವೈಟ್ ಡವ್', ಕೆಳಗಿನ ದನಿಗೆ ಕಿವಿಯಿಟ್ಟು. ಆಮೇಲೆ ರಾಯ್ ಲೀ ಸೆಂಟರ್ಸ್ ಲೀಡ್ ಹಾಡಿರುವ ಎಪ್ಪತ್ತರ ದಶಕದ ಯಾವುದಾದರೂ ಹಾಡು. 'ಓ ಡೆತ್' ಕೊನೆಗಿರಲಿ, ಅದನ್ನು ಇಯರ್‌ಫೋನ್ ತೆಗೆದಿಟ್ಟು, ಮನೆಯಲ್ಲಿ ಸದ್ದಡಗಿದ ಮೇಲೆ ಕೇಳಿ.